ಅಕ್ಕನ ಮಗಳು ನನಗೊಂದು ಗುಟ್ಟು ಹೇಳಿದ್ದಾಳೆ. ಅಕ್ಕನಿಗೆ ಹೇಳಲಾ, ಬೇಡವಾ?

ದಾವಣಗೆರೆ ಚಿಕ್ಕಮ್ಮ · ಜನವರಿ 12

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಹದಿನೈದು ದಿನದಿಂದ ಒಂದು ವಿಷಯ ಹೊಟ್ಟೆಯಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೇನೆ. ಮನೆಯಲ್ಲಿ ಯಾರ ಹತ್ತಿರವೂ ಬಾಯಿ ಬಿಡುವ ಹಾಗಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಕ್ಕ, ಭಾವ ನ್ಯೂಜೆರ್ಸಿಯಲ್ಲಿದ್ದಾರೆ. 1996ರಲ್ಲಿ ಹೋದವರು. ಒಬ್ಬಳೇ ಮಗಳು, ಅಲ್ಲೇ ಹುಟ್ಟಿದವಳು. ಈಗ 23 ವರ್ಷ. ಡಿಸೆಂಬರ್ ರಜೆಗೆ ಅವಳೊಬ್ಬಳೇ ಬಂದಿದ್ದಳು, ಅಜ್ಜಿಯನ್ನು ನೋಡಬೇಕು ಅಂತ. ಮೂರು ವಾರ ನಮ್ಮ ಮನೆಯಲ್ಲೇ ಇದ್ದಳು.

ಒಂದು ಮಧ್ಯಾಹ್ನ ಮಾಳಿಗೆ ಮೇಲೆ ಚಾಪೆ ಹಾಕಿಕೊಂಡು ಇಬ್ಬರೂ ಅವರೆಕಾಳು ಹಿತುಕುತ್ತಾ ಕೂತಿದ್ದೆವು. ಹಿಂದಿನ ರಾತ್ರಿ ನೆನೆಸಿಟ್ಟ ಕಾಳು. ಅವಳಿಗೆ ಈ ಕೆಲಸ ಹೊಸದು. ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಚಂಗನೆ ಹಾರಿ ಮೊರದಾಚೆ ಬೀಳುತ್ತಿತ್ತು, ಸಿಪ್ಪೆ ಕೈಯಲ್ಲಿ ಉಳಿಯುತ್ತಿತ್ತು. ನಗುತ್ತಾ ಎದ್ದು ಆರಿಸಿಕೊಂಡು ಬರುತ್ತಿದ್ದಳು. ಫೋನು ಮೊರದ ಪಕ್ಕದಲ್ಲೇ ಇತ್ತು. ಒಂದು ಹುಡುಗಿಯ ಹೆಸರಿನಲ್ಲಿ ಮೆಸೇಜ್ ಮೇಲೆ ಮೆಸೇಜ್ ಬರುತ್ತಿತ್ತು. "ಯಾರೇ ಇದು? ಅಲ್ಲಿ ಈಗ ರಾತ್ರಿ ಮೂರು ಗಂಟೆ ಅಲ್ವಾ? ನಿನ್ನ ಗೆಳತಿಗೆ ನಿದ್ದೆ ಬರಲ್ವಾ?" ಅಂದೆ. ಅವಳ ಬೆರಳು ನಿಂತವು. ಸ್ವಲ್ಪ ಹೊತ್ತು ಕೈಯಲ್ಲಿದ್ದ ಕಾಳನ್ನೇ ನೋಡಿದಳು. ಆಮೇಲೆ "ಚಿಕ್ಕಮ್ಮ, ಅದು ಹುಡುಗಿ ಅಲ್ಲ" ಅಂದಳು.

ಎರಡು ವರ್ಷ ಆಯಿತಂತೆ. ಕಾಲೇಜಿನಲ್ಲಿ ಪರಿಚಯ. ಫೋನಿನಲ್ಲಿ ಅವನ ಹೆಸರು ಹುಡುಗಿಯ ಹೆಸರಾಗಿದೆ. ಮಗಳು ಎಲ್ಲಿದ್ದಾಳೆ ಅಂತ ಅಕ್ಕನಿಗೆ ತೋರಿಸುವ ಒಂದು ಆ್ಯಪ್ ಇದೆ. ಅವನ ಜೊತೆ ಹೊರಗೆ ಹೋಗುವ ದಿನ ಫೋನನ್ನು ರೂಮಿನಲ್ಲೇ ಬಿಟ್ಟು ಹೋಗುತ್ತಾಳೆ. ಇದನ್ನೆಲ್ಲ ತಲೆ ತಗ್ಗಿಸಿ ಹೇಳಿದಳು, ಕಳ್ಳತನ ಒಪ್ಪಿಕೊಳ್ಳುವವರ ಹಾಗೆ. ನನಗೆ ಜಾಸ್ತಿ ನೋವಾಗಿದ್ದು ಇನ್ನೊಂದು ಮಾತಿಗೆ. ಹೋದ ಚಳಿಗಾಲದಲ್ಲಿ ಅವಳಿಗೆ ಐದು ದಿನ ಮೈ ಸುಡುವ ಜ್ವರ ಬಂದಿತ್ತು. ಅವನೇ ನೋಡಿಕೊಂಡನಂತೆ. ಅವನ ಅಮ್ಮ ಗಂಜಿ ಮಾಡಿ ಕಳಿಸಿದ್ದರಂತೆ. ಅಕ್ಕ ಫೋನ್ ಮಾಡಿದಾಗ "ಪರೀಕ್ಷೆ ಇದೆ, ಓದ್ತಾ ಇದ್ದೀನಿ, ವಿಡಿಯೋ ಬೇಡ" ಅಂದಳಂತೆ. ಜ್ವರ ಅಂದರೆ ಅಮ್ಮ ಓಡಿ ಬರುತ್ತಾರೆ, ಬಂದರೆ ಅವನನ್ನು ನೋಡುತ್ತಾರೆ, ಅದಕ್ಕೆ. ನಮ್ಮ ಮಗು ಜ್ವರವನ್ನೂ ಮುಚ್ಚಿಡಬೇಕಾಯಿತಲ್ಲ ಅನ್ನಿಸಿ ಗಂಟಲು ಕಟ್ಟಿತು.

"ಅಮ್ಮನಿಗೆ ಹೇಳಬೇಡ" ಅಂತ ನನ್ನ ಕೈ ಮೇಲೆ ಆಣೆ ಹಾಕಿಸಿಕೊಂಡು ಹೋದಳು.

ಹೋದ ಭಾನುವಾರ ಅಕ್ಕ ಫೋನ್ ಮಾಡಿದಳು. ನಮಗೆ ಭಾನುವಾರ ಬೆಳಿಗ್ಗೆ 8 ಅಂದರೆ ಅವರಿಗೆ ಶನಿವಾರ ರಾತ್ರಿ ಒಂಬತ್ತೂವರೆ. 28 ವರ್ಷದಿಂದ ಈ ಹೊತ್ತು ನಮ್ಮಿಬ್ಬರದು. ಅಕ್ಕ ಖುಷಿಯಲ್ಲಿದ್ದಳು. "ಗಂಡು ನೋಡೋಕೆ ಶುರು ಮಾಡಿದ್ದೀವಿ ಕಣೇ. ಬಯೋಡೇಟಾ ರೆಡಿ ಇದೆ. ನೀನು ಅಲ್ಲಿ ಅವಳಿಗೆ ಸೀರೆ ಉಡಿಸಿ ಫೋಟೋ ತೆಗೆದಿದ್ಯಲ್ಲ, ಕುಂದವಾಡ ಕೆರೆ ಹತ್ತಿರ, ಅದನ್ನ ಕಳಿಸು" ಅಂದಳು. ಕಳಿಸುತ್ತೀನಿ ಅಂದೆ. ಇನ್ನೂ ಕಳಿಸಿಲ್ಲ.

ಹೇಳಿದರೆ ಮಗುವಿನ ನಂಬಿಕೆ ಹೋಗುತ್ತದೆ. ಹೇಳದಿದ್ದರೆ ಅಕ್ಕನದು. ನೀವಾದರೆ ಏನು ಮಾಡುತ್ತಿದ್ದಿರಿ?

ಟೊರಾಂಟೊ ಕನ್ನಡತಿ · ಜನವರಿ 12

ಚಿಕ್ಕಮ್ಮ, ಹಾಗೇ ಕರೀತೀನಿ, ಬೇಜಾರಿಲ್ಲ ಅಲ್ವಾ? ದಯವಿಟ್ಟು ಹೇಳಬೇಡಿ. ನಾನು ಚಿತ್ರದುರ್ಗದಲ್ಲಿ ಹುಟ್ಟಿ ಆರು ವರ್ಷಕ್ಕೆ ಕೆನಡಾಕ್ಕೆ ಬಂದವಳು. ಈಗ 27. ನಿಮ್ಮ ಹುಡುಗಿಯ ಕಥೆಯಲ್ಲಿ ನನಗೆ ಹೊಸದು ಅನ್ನುವುದು ಒಂದೂ ಇಲ್ಲ. ಹುಡುಗಿ ಹೆಸರಲ್ಲಿ ನಂಬರ್ ಇಡುವುದು, ಫೋನ್ ಬಿಟ್ಟು ಹೋಗುವುದು, ಗೆಳತಿಯ ಮನೆ ಅಂತ ಹೇಳಿ ಆ ಗೆಳತಿಗೂ ಸುಳ್ಳು ಕಲಿಸುವುದು. ಎಲ್ಲ ಮಾಡಿದ್ದೇನೆ.

ನಮ್ಮ ಮನೆಯಲ್ಲಿ "ಪ್ರೀತಿಸಬೇಡ" ಅಂತ ಯಾರೂ ಯಾವತ್ತೂ ಹೇಳಲಿಲ್ಲ. ಆ ಮಾತೇ ಬರಲಿಲ್ಲ. 15ಕ್ಕೆ "ಓದಿನ ಕಡೆ ಗಮನ ಇರಲಿ". 18ಕ್ಕೆ "ಡಿಗ್ರಿ ಮುಗೀಲಿ". 22ಕ್ಕೆ "ಕೆಲಸ ಸಿಗಲಿ". 24 ತುಂಬಿದ ಬೆಳಿಗ್ಗೆ "ಯಾಕೆ ಇನ್ನೂ ಯಾರೂ ಇಷ್ಟ ಆಗಲ್ಲ ಅಂತೀಯ?" ನಡುವೆ ಒಂದು ಮೆಟ್ಟಿಲೂ ಇಲ್ಲ. ಹುಡುಗರ ಜೊತೆ ಮಾತಾಡಬಾರದು ಅಂತ ಬೆಳೆಸಿ, ಒಂದೇ ಕಾಫಿಯಲ್ಲಿ ಜೀವನ ಪೂರ್ತಿಗೆ ಒಬ್ಬನನ್ನು ಆರಿಸು ಅನ್ನುತ್ತಾರೆ. ಒಬ್ಬ ಮನುಷ್ಯ ನನಗೆ ಸರಿಹೋಗುತ್ತಾನಾ ಅಂತ ತಿಳಿಯುವುದು ಕೂಡ ಕಲಿಯಬೇಕಾದ ವಿದ್ಯೆ. ನಾನು ಕತ್ತಲಲ್ಲಿ ಕಲಿತೆ.

ಕತ್ತಲಲ್ಲಿ ಏನಾಗುತ್ತೆ ಅಂದರೆ, ತಪ್ಪು ಮನುಷ್ಯ ಸಿಕ್ಕಿದರೂ ಹೇಳೋಕೆ ಯಾರೂ ಇರುವುದಿಲ್ಲ. ನನ್ನ ಮೊದಲನೆಯವನು ಕೆಟ್ಟವನಾಗಿದ್ದ. ಸಿಟ್ಟು ಬಂದರೆ "ನಿಮ್ಮಪ್ಪನಿಗೆ ಫೋಟೋ ಕಳಿಸ್ತೀನಿ" ಅನ್ನುತ್ತಿದ್ದ. ಎಂಟು ತಿಂಗಳು ಆ ಒಂದು ಮಾತಿಗೆ ಹೆದರಿ ಅವನ ಜೊತೆ ಇದ್ದೆ. ಅವನ ಕೈಗೆ ಆ ಹೆದರಿಕೆ ಕೊಟ್ಟಿದ್ದು ನಮ್ಮ ಮನೆಯ ಮೌನ. ನಿಮ್ಮ ಹುಡುಗಿಗೆ ನೀವು ಒಬ್ಬರು ಇದ್ದೀರಿ. ಅದನ್ನು ಕಿತ್ತುಕೊಳ್ಳಬೇಡಿ.

ಹೂಸ್ಟನ್ ಅಮ್ಮ · ಜನವರಿ 13

ನಾನು ಹರಿಹರದವಳು. 22 ವರ್ಷದಿಂದ ಟೆಕ್ಸಾಸ್‌ನಲ್ಲಿದ್ದೇನೆ. ನನಗೂ 20 ವರ್ಷದ ಮಗಳಿದ್ದಾಳೆ. ನಾನು ನಿಮ್ಮ ಅಕ್ಕನ ಜಾಗದಲ್ಲಿ ನಿಂತು ಬರೆಯುತ್ತೇನೆ.

ಇಲ್ಲಿ ತಾಯಂದಿರನ್ನು ಕಾವಲುಗಾರರ ಹಾಗೆ ನೋಡುತ್ತಾರೆ. ನಮ್ಮ ಕಷ್ಟ ಸ್ವಲ್ಪ ಕೇಳಿ. ನಾನು ಬಂದಾಗ ನನಗೆ ಕೆಲಸ ಮಾಡುವ ಪರವಾನಗಿ ಇರಲಿಲ್ಲ. ಗಂಡನ ವೀಸಾದ ಮೇಲೆ ಬಂದವಳು. ಕೆಲಸದ ವೀಸಾದವರ ಹೆಂಡತಿ ಮಕ್ಕಳಿಗೆ ಕೊಡುವ ಈ ವೀಸಾಕ್ಕೆ ಎಚ್-4 ಅನ್ನುತ್ತಾರೆ. ಎಚ್-4ನವರಿಗೆ, ಅದೂ ಕೆಲವರಿಗೆ ಮಾತ್ರ, ಕೆಲಸದ ಅನುಮತಿ ಸಿಕ್ಕಿದ್ದು 2015ರಲ್ಲಿ. ಅಷ್ಟು ವರ್ಷ ನಾನು ಮನೆ, ಮಗು, ಕನ್ನಡ ಕೂಟ. ಇಷ್ಟೇ ನನ್ನ ಲೋಕ. ಅತ್ತೆ, ಅಮ್ಮ, ಅಕ್ಕಪಕ್ಕ ಯಾರೂ ಇಲ್ಲ. ದಾವಣಗೆರೆಯಲ್ಲಿ ಒಂದು ಹುಡುಗಿಯನ್ನು ಬೆಳೆಸಲು ಒಂದು ಓಣಿ ಇರುತ್ತದೆ. ಇಲ್ಲಿ ಎಲ್ಲ ಓಣಿಯೂ ನಾನೇ ಆಗಬೇಕಿತ್ತು. ಮಗಳು ಕೈ ತಪ್ಪಿದರೆ ಊರಿನವರು "ಆ ದೇಶಕ್ಕೆ ಕರಕೊಂಡು ಹೋಗಿದ್ದಕ್ಕೇ ಹೀಗಾಯ್ತು" ಅನ್ನುತ್ತಾರೆ. ಹುಡುಗಿಯನ್ನಲ್ಲ, ನನ್ನನ್ನು.

ಎರಡು ವರ್ಷಕ್ಕೊಮ್ಮೆ ಅಮೆರಿಕದ ಕನ್ನಡ ಕೂಟಗಳೆಲ್ಲ ಸೇರಿ ಮಾಡುವ "ಅಕ್ಕ" ಸಮ್ಮೇಳನಕ್ಕೆ, ಬೇಸಿಗೆಯಲ್ಲಿ ವೀರಶೈವ ಸಮಾಜದ ಸಮ್ಮೇಳನಕ್ಕೆ ಮಗಳನ್ನು ಕರೆದುಕೊಂಡು ಹೋಗುತ್ತೇವೆ. ನಮ್ಮ ಹುಡುಗರ ಪರಿಚಯ ಆಗಲಿ ಅನ್ನುವ ಆಸೆ ಇದ್ದೇ ಇರುತ್ತದೆ. ಅದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ನನ್ನ ಮೊಮ್ಮಗು ನನ್ನನ್ನು "ಅಜ್ಜಿ" ಅಂತ ಕರೆಯಲಿ ಅನ್ನುವ ಆಸೆ ಅದು.

ಆದರೆ ಚಿಕ್ಕಮ್ಮ, ಆ ಜ್ವರದ ವಿಷಯ ಓದಿ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಹೋಗಿ ಮಗಳಿಗೆ ಫೋನ್ ಮಾಡಿದೆ. "ನಿನಗೆ ಹುಷಾರಿಲ್ಲ ಅಂದರೆ ನನಗೆ ಹೇಳು, ಅಲ್ಲಿ ಯಾರೇ ಇರಲಿ" ಅಂದೆ. ಅವಳು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ "ಸರಿ ಅಮ್ಮ" ಅಂದಳು.

ನೀವಾಗಿ ನಿಮ್ಮ ಅಕ್ಕನಿಗೆ ಹೇಳಬೇಡಿ. ಮಗಳ ವಿಷಯ ತಂಗಿಗೆ ಮೊದಲು ಗೊತ್ತಾಯ್ತು ಅನ್ನುವುದು ಆ ಹುಡುಗನಿಗಿಂತ ದೊಡ್ಡ ಪೆಟ್ಟು. ಮಗಳ ಬಾಯಿಂದಲೇ ಬರಬೇಕು.

ಕೋಟೆ ಕಡೆಯವನು · ಜನವರಿ 13

ಹುಡುಗ ಯಾರು ಅಂತ ನೀವು ಬರೆದೇ ಇಲ್ಲ. ನಮ್ಮವರಾ? ಇಂಡಿಯದವರಾ? ಅದರ ಮೇಲೆ ಎಲ್ಲ ನಿಂತಿದೆ, ಅಲ್ವಾ?

ದಾವಣಗೆರೆ ಚಿಕ್ಕಮ್ಮ · ಜನವರಿ 13

"ನಮ್ಮವರಾ?" ನಾನೂ ಮಾಳಿಗೆ ಮೇಲೆ ಮೊದಲು ಕೇಳಿದ್ದು ಇದನ್ನೇ. ಅದಕ್ಕೆ ಅವಳು ಕೊಟ್ಟ ಉತ್ತರ ನನ್ನನ್ನು ಇನ್ನೂ ಕಾಡುತ್ತಿದೆ. "ಹೌದು, ಇಲ್ಲ, ಎರಡೂ ಚಿಕ್ಕಮ್ಮ" ಅಂದಳು.

ಹುಡುಗನ ಮನೆಯವರು ಗಯಾನಾ ದೇಶದವರು. ದಕ್ಷಿಣ ಅಮೆರಿಕದ ಉತ್ತರ ತುದಿಯಲ್ಲಿದೆ. ಈಗ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ, ರಿಚ್ಮಂಡ್ ಹಿಲ್ ಅನ್ನುವ ಕಡೆ ಇದ್ದಾರೆ. ಅಲ್ಲಿ ಗಯಾನಾದವರದೇ ದೊಡ್ಡ ಪೇಟೆ. ಅವರ ಮುತ್ತಜ್ಜಂದಿರು ಭಾರತದಿಂದಲೇ ಹೋದವರು. ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಕ್ಕೆ ಆಳು ಬೇಕು ಅಂತ ಬ್ರಿಟಿಷರು 1838ರಿಂದ ಕರಾರಿನ ಕೂಲಿಗಳನ್ನು ಹಡಗಿನಲ್ಲಿ ತುಂಬಿಕೊಂಡು ಹೋದರು. 1917ರವರೆಗೆ ಇದು ನಡೆಯಿತು. ಗಯಾನಾಕ್ಕೇ 2 ಲಕ್ಷ 38 ಸಾವಿರಕ್ಕೂ ಜಾಸ್ತಿ ಜನ ಹೋದರು. ಜಾಸ್ತಿ ಜನ ಬಿಹಾರ, ಉತ್ತರ ಪ್ರದೇಶದ ಕಡೆಯವರು. ಮದ್ರಾಸಿನಿಂದ ಹತ್ತಿದವರೂ ಇದ್ದರು. ಪಾಠ ಮಾಡುವಾಗ ಇದನ್ನು ಎರಡು ಸಾಲಿನಲ್ಲಿ ಹೇಳಿ ಮುಗಿಸಿದ್ದೇನೆ. ಆ ಎರಡು ಸಾಲಿನ ಮೊಮ್ಮಗನನ್ನು ನನ್ನ ಅಕ್ಕನ ಮಗಳು ಇಷ್ಟಪಟ್ಟಿದ್ದಾಳೆ.

ಜಾತಿ ಯಾವುದು ಅಂದೆ. "ಅವರಿಗೇ ಗೊತ್ತಿಲ್ಲ ಚಿಕ್ಕಮ್ಮ" ಅಂದಳು. ತಿಂಗಳುಗಟ್ಟಲೆ ಹಡಗಿನಲ್ಲಿ ಎಲ್ಲರೂ ಒಂದೇ ಕಡೆ ಉಂಡು ಮಲಗಿದವರು. ಹೆಂಗಸರು ಕಡಿಮೆ, ಗಂಡಸರು ಜಾಸ್ತಿ. ಅಲ್ಲಿ ಯಾರು ಯಾರ ಪೈಕಿ ಅಂತ ಹಿಡಿದುಕೊಂಡು ಕೂರಲು ಆಗಲಿಲ್ಲ. ಒಂದೇ ಹಡಗಿನಲ್ಲಿ ಬಂದವರು "ಜಹಾಜಿ" ಅಂತ ಒಬ್ಬರಿಗೊಬ್ಬರು ನೆಂಟರಾದರು. ಅವನ ಅಜ್ಜಿ ದಾಲ್‌ಪುರಿ ಮಾಡುತ್ತಾರಂತೆ. ಬೇಳೆ ಬೇಯಿಸಿ, ರುಬ್ಬಿ, ಜೀರಿಗೆ ಹಾಕಿ, ಕಣಕದಲ್ಲಿ ತುಂಬಿ ಲಟ್ಟಿಸುವುದು. "ನಿಮ್ಮ ಹೋಳಿಗೆ ಥರಾನೇ ಚಿಕ್ಕಮ್ಮ, ಬೆಲ್ಲ ಮಾತ್ರ ಇಲ್ಲ" ಅಂದಳು.

ನಮ್ಮ ಮನೆಯಲ್ಲಿ ಬಸವ ಜಯಂತಿ ಮಾಡುತ್ತೇವೆ. ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ಕೊಟ್ಟ ಕಥೆಯನ್ನು ನಾನೇ ಮಕ್ಕಳಿಗೆ ಹೇಳಿದ್ದೇನೆ. ಚಮ್ಮಾರರ ಹುಡುಗ, ಬ್ರಾಹ್ಮಣರ ಹುಡುಗಿ. ಆ ಮದುವೆಗೆ ಕಲ್ಯಾಣವೇ ಹೊತ್ತಿ ಉರಿಯಿತು. ಅದನ್ನು ಹೇಳುವಾಗ ನನ್ನ ಕಣ್ಣು ತುಂಬುತ್ತದೆ. ಅಂಥ ನಾನೂ ಮೊದಲು "ನಮ್ಮವರಾ?" ಅಂತಲೇ ಕೇಳಿದೆ. ಅದನ್ನು ಇಲ್ಲಿ ಒಪ್ಪಿಕೊಳ್ಳಬೇಕು ಅನ್ನಿಸಿತು.

ಡಲ್ಲಾಸ್ ಅಣ್ಣ · ಜನವರಿ 14

ನಾನು ಹುಡುಗ. ಇಲ್ಲಿ ಮಾತಾಡಬಹುದಾ ಅಂತ ಯೋಚಿಸಿದೆ. ನಮ್ಮ ಮನೆಯಲ್ಲಿ ನಾನು, ತಂಗಿ. ಇಬ್ಬರೂ ಒಂದೇ ಮನೆಯಲ್ಲಿ ಬೆಳೆದೆವು. ನಾನು ಕಾಲೇಜಿನಲ್ಲಿ ಮೂರು ವರ್ಷ ಒಬ್ಬ ಹುಡುಗಿಯ ಜೊತೆ ಇದ್ದೆ. ಅಪ್ಪನಿಗೆ ಗೊತ್ತಿತ್ತು. "ಹುಡುಗರು ಹಾಗೇ" ಅಂದು ಸುಮ್ಮನಾದರು. ತಂಗಿ ಕ್ಲಾಸಿನ ಹುಡುಗನ ಕಾರಿನಲ್ಲಿ ಮನೆಗೆ ಬಂದ ದಿನ ಅವಳ ಕಾರಿನ ಕೀ ಕಸಿದುಕೊಂಡರು. ನಾನು ಸೋಫಾದ ಮೇಲೆ ಕೂತು ನೋಡುತ್ತಿದ್ದೆ, ಬಾಯಿ ಬಿಡಲಿಲ್ಲ. ಆ ದಿನ ನಾನು "ಅಪ್ಪ, ನನಗೆ ಹೀಗೆ ಮಾಡಿಲ್ಲವಲ್ಲ" ಅಂತ ಒಂದು ಮಾತು ಆಡಬೇಕಿತ್ತು. ಅಣ್ಣಂದಿರೇ, ನೀವು ಓದುತ್ತಿದ್ದರೆ ನಿಮ್ಮ ಮನೆಯಲ್ಲಿ ಆ ಮಾತು ಆಡಿ.

ಇನ್ನೊಂದು ವಿಷಯ. "ನಮ್ಮ ಮಕ್ಕಳೆಲ್ಲ ಬೇರೆಯವರ ಪಾಲಾಗುತ್ತಾರೆ" ಅನ್ನುವ ಭಯ ಇಲ್ಲಿ ಬಹಳ. 2020ರಲ್ಲಿ ಕಾರ್ನೆಗಿ ಸಂಸ್ಥೆ ಅಮೆರಿಕದ ಭಾರತೀಯರನ್ನು ಸಮೀಕ್ಷೆ ಮಾಡಿತ್ತು. ಸಂಗಾತಿ ಇರುವ 10 ಜನರಲ್ಲಿ 8 ಜನರ ಸಂಗಾತಿ ಭಾರತ ಮೂಲದವರೇ. ಇಲ್ಲೇ ಹುಟ್ಟಿದವರು ಇಲ್ಲೇ ಹುಟ್ಟಿದ ಭಾರತೀಯರನ್ನು ಹುಡುಕಿಕೊಳ್ಳುವುದು ಜಾಸ್ತಿ. ಒತ್ತಾಯ ಮಾಡದಿದ್ದರೂ ಮಕ್ಕಳು ತಮ್ಮ ಥರ ಬೆಳೆದವರನ್ನೇ ಹುಡುಕುತ್ತಾರೆ. ನಿಮ್ಮ ಹುಡುಗಿಯೂ ಹೋಳಿಗೆ ಮಾಡುವ ಮನೆಯನ್ನೇ ಹುಡುಕಿದ್ದಾಳೆ.

ವಿದ್ಯಾನಗರದ ಗೃಹಿಣಿ · ಜನವರಿ 14

ನನ್ನ ಅಭಿಪ್ರಾಯ ಬೇರೆ. ನನ್ನದು ಹಿರಿಯರು ನೋಡಿ ಮಾಡಿದ ಮದುವೆ, 19 ವರ್ಷ ಆಯಿತು, ಚೆನ್ನಾಗಿದ್ದೇವೆ. ಗಂಡನ ಮನೆಯವರ ಸ್ವಭಾವ, ಸಾಲ, ಕಾಯಿಲೆ ಎಲ್ಲ ನಮ್ಮಪ್ಪ ನಾಲ್ಕು ಕಡೆ ವಿಚಾರಿಸಿದ್ದರು. ಒಬ್ಬ ಹುಡುಗಿ ಒಬ್ಬಳೇ ಅಷ್ಟನ್ನು ತಿಳಿಯಲು ಆಗುವುದಿಲ್ಲ. ಎರಡು ವರ್ಷ ಹೆತ್ತವರಿಗೆ ಸುಳ್ಳು ಹೇಳಿದವಳ ಮೇಲೆ ನಂಬಿಕೆ ಹೇಗೆ ಇಡುವುದು? ನಾನು ನಿಮ್ಮ ಜಾಗದಲ್ಲಿದ್ದರೆ ಅಕ್ಕನಿಗೆ ಹೇಳಿಬಿಡುತ್ತಿದ್ದೆ. ತಂಗಿ ಅಂದ ಮೇಲೆ ಅದು ನನ್ನ ಕರ್ತವ್ಯ.

ಟೊರಾಂಟೊ ಕನ್ನಡತಿ · ಜನವರಿ 14

ಅಕ್ಕ, ನಿಮ್ಮ ಅಪ್ಪ ನಾಲ್ಕು ಕಡೆ ವಿಚಾರಿಸಿದರು ಅಂದಿರಲ್ಲ, ನನಗೂ ಅದೇ ಬೇಕಿತ್ತು. ನಾನು ಇಷ್ಟಪಟ್ಟವನ ಬಗ್ಗೆ ನನ್ನ ಅಪ್ಪ ನಾಲ್ಕು ಕಡೆ ವಿಚಾರಿಸಬೇಕಿತ್ತು. ಅದಕ್ಕೆ ಮೊದಲು ನಾನು ಅವರಿಗೆ ಹೇಳುವ ಹಾಗಿರಬೇಕಿತ್ತು. ನಮ್ಮಂಥವರು ಹಿರಿಯರು ಬೇಡ ಅನ್ನುತ್ತಿಲ್ಲ. ಹಿರಿಯರು ಬೇಕು ಅಂತಲೇ ಅಳುತ್ತಿದ್ದೇವೆ.

ಲೆಸ್ಟರ್‌ನಿಂದ · ಜನವರಿ 15

ಇಂಗ್ಲೆಂಡಿನಲ್ಲಿ 16 ವರ್ಷದಿಂದ ಇದ್ದೇನೆ. ನಮ್ಮ ಕನ್ನಡದವರ ಮನೆಗಳಲ್ಲಿ ನಾನು ಕಂಡಿದ್ದು ಒತ್ತಡ, ಅಳು, ಮಾತು ಬಿಡುವುದು. ಬಲವಂತ ಅಂದರೆ ಏನು ಅನ್ನುವುದನ್ನು ಬೇರೆ ದಕ್ಷಿಣ ಏಷ್ಯಾದ ಕುಟುಂಬದ ಗೆಳತಿಯೊಬ್ಬಳಿಂದ ತಿಳಿದೆ. ಅವಳನ್ನು 17ಕ್ಕೆ "ಅಜ್ಜಿಗೆ ಹುಷಾರಿಲ್ಲ" ಅಂತ ಊರಿಗೆ ಕರೆದುಕೊಂಡು ಹೋದರು. ಹೋದ ಮೇಲೆ ಪಾಸ್‌ಪೋರ್ಟ್ ತೆಗೆದಿಟ್ಟರು. ಮದುವೆ ಆಗಿಯೇ ವಾಪಸ್ ಬಂದಳು.

ಇದು ಇಲ್ಲಿ ಎಷ್ಟು ದೊಡ್ಡ ವಿಷಯ ಅಂದರೆ ಸರ್ಕಾರ ಇದಕ್ಕೇ ಒಂದು ವಿಭಾಗವನ್ನು 2005ರಲ್ಲಿ ತೆರೆಯಿತು. 2014ರಲ್ಲಿ ಬಲವಂತದ ಮದುವೆ ಮಾಡಿಸುವುದೇ ಅಪರಾಧ ಆಯಿತು. 2023ರಿಂದ ಇಂಗ್ಲೆಂಡ್, ವೇಲ್ಸ್‌ನಲ್ಲಿ 18 ತುಂಬದೆ ಮದುವೆಯೇ ಇಲ್ಲ, ಹೆತ್ತವರು ಒಪ್ಪಿದರೂ ಇಲ್ಲ. ಕರ್ಮ ನಿರ್ವಾಣ ಅನ್ನುವ ಸಂಸ್ಥೆ ಇಂಥ ಹುಡುಗಿಯರಿಗೆ ಫೋನಿನಲ್ಲಿ ಒಂದು ಉಪಾಯ ಹೇಳಿಕೊಡುತ್ತಿತ್ತು. ವಿಮಾನ ನಿಲ್ದಾಣಕ್ಕೆ ಬರುವಾಗ ಒಳ ಉಡುಪಿನಲ್ಲಿ ಒಂದು ಚಮಚ ಇಟ್ಟುಕೊಳ್ಳಿ ಅಂತ. ತಪಾಸಣೆಯಲ್ಲಿ ಯಂತ್ರ ಸದ್ದು ಮಾಡುತ್ತದೆ. ಸಿಬ್ಬಂದಿ ಪಕ್ಕಕ್ಕೆ ಕರೆದುಕೊಂಡು ಹೋಗುತ್ತಾರೆ. ಮನೆಯವರಿಲ್ಲದ ಆ ಎರಡು ನಿಮಿಷದಲ್ಲಿ "ನನ್ನನ್ನು ಉಳಿಸಿ" ಅನ್ನಬಹುದು. ಅಡುಗೆಮನೆಯ ಒಂದು ಚಮಚ!

ನಿಮ್ಮ ಅಕ್ಕ ಅಂಥವರಲ್ಲ ಅಂತ ನೀವು ಬರೆದ ರೀತಿಯಲ್ಲೇ ಗೊತ್ತಾಗುತ್ತದೆ. ಆದರೂ ಒಂದು ಮಾತು ಕೇಳಿಕೊಳ್ಳಿ: ವಿಷಯ ಗೊತ್ತಾದರೆ ಭಾವ ಏನು ಮಾಡಬಹುದು? ಮನೆಯಿಂದ ಹೊರಗೆ ಹಾಕುವುದು, ಪಾಸ್‌ಪೋರ್ಟ್ ಕಿತ್ತುಕೊಳ್ಳುವುದು, ಕೈ ಮಾಡುವುದು, ಇದರಲ್ಲಿ ಯಾವುದಕ್ಕಾದರೂ ನಿಮ್ಮ ಮನಸ್ಸು "ಇರಬಹುದು" ಅಂದರೆ ಹುಡುಗಿ ಮೊದಲು ತನ್ನ ಕಾಲ ಮೇಲೆ ನಿಲ್ಲಲಿ. ಆಮೇಲೆ ಹೇಳಲಿ.

ದಾವಣಗೆರೆ ಚಿಕ್ಕಮ್ಮ · ಜನವರಿ 15

ಇಲ್ಲ, ಭಾವ ಕೋಪಿಷ್ಠರು, ಆದರೆ ಕೈ ಮಾಡುವವರಲ್ಲ. ಮಾತು ಬಿಡುತ್ತಾರೆ. ಒಮ್ಮೆ ತಮ್ಮನ ಜೊತೆ ನಾಲ್ಕು ವರ್ಷ ಬಿಟ್ಟಿದ್ದರು. ಕೇಳಿದ್ದಕ್ಕೆ ನಿಮಗೆ ಋಣಿ. ಹುಡುಗಿಯನ್ನೂ ಇದನ್ನೇ ಕೇಳಿದೆ. "ಹಾಗೇನಿಲ್ಲ ಚಿಕ್ಕಮ್ಮ, ಅಪ್ಪ ಊಟ ಬಿಡ್ತಾರೆ, ಅದೇ ನನಗೆ ಭಯ" ಅಂದಳು.

ವೀಸಾ ಹುಡುಗಿ · ಜನವರಿ 16

ನಿಮ್ಮ ಹುಡುಗಿ ಅಲ್ಲೇ ಹುಟ್ಟಿದವಳು, ಪೌರತ್ವ ಇದೆ. ನಾನು ನಾಲ್ಕು ವರ್ಷದವಳಿದ್ದಾಗ ಅಪ್ಪನ ಜೊತೆ ಎಚ್-4ನಲ್ಲಿ ಬಂದವಳು. ಗ್ರೀನ್ ಕಾರ್ಡಿನಲ್ಲಿ ಒಂದು ದೇಶಕ್ಕೆ ವರ್ಷಕ್ಕೆ 7 ಶೇಕಡಾ ಅನ್ನುವ ಮಿತಿ ಇದೆ. ಭಾರತದವರ ಸಾಲು ಮುಗಿಯುವುದೇ ಇಲ್ಲ. 21 ತುಂಬಿದರೆ ಮಕ್ಕಳು ಆ ಸಾಲಿನಿಂದ ಬೀಳುತ್ತಾರೆ. ನಾನೂ ಬಿದ್ದೆ. ಈಗ ಹೊರದೇಶದ ವಿದ್ಯಾರ್ಥಿಯ ವೀಸಾದಲ್ಲಿದ್ದೇನೆ, ಬೆಳೆದ ಊರಿನಲ್ಲೇ. ಅಮ್ಮ ರಾತ್ರಿ ಕೂತು ಸೈಟುಗಳಲ್ಲಿ "ಸಿಟಿಜನ್" ಅಂತ ಬರೆದ ಗಂಡುಗಳನ್ನೇ ಹುಡುಕುತ್ತಾರೆ. ಅವರಿಗೆ ನಾನು ಹತ್ತಿರ ಉಳಿಯಲಿ ಅನ್ನುವ ಆಸೆ. ನನಗೆ ಇಷ್ಟವಾದವನು ನನ್ನ ಹಾಗೇ ವೀಸಾದವನು. "ಇಬ್ಬರೂ ಒಟ್ಟಿಗೆ ಮುಳುಗ್ತೀರ" ಅಂತ ಅಮ್ಮ ಅಳುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಯಾರನ್ನು ಇಷ್ಟಪಡಬೇಕು ಅನ್ನುವುದನ್ನು ಒಂದು ಅರ್ಜಿ ತೀರ್ಮಾನ ಮಾಡುತ್ತಿದೆ.

ದುರ್ಗದ ವಕೀಲೆ · ಜನವರಿ 16

ಕಾನೂನಿನ ಮಾತು ಒಂದಿಷ್ಟು, ಮುಂದೆ ಉಪಯೋಗಕ್ಕೆ ಬರಬಹುದು. ವಯಸ್ಸಿಗೆ ಬಂದ ಇಬ್ಬರು ಒಪ್ಪಿದರೆ ಮನೆಯವರ, ಜಾತಿಯವರ ಒಪ್ಪಿಗೆ ಕಾನೂನಿಗೆ ಬೇಕಿಲ್ಲ. 2018ರಲ್ಲಿ ಶಕ್ತಿ ವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಬೇರೆ ಬೇರೆ ಧರ್ಮದವರಾದರೆ ಇಲ್ಲಿ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ಇದ್ದಿರಬೇಕು. ಅರ್ಜಿ ಕೊಟ್ಟ ಮೇಲೆ 30 ದಿನ ನೋಟಿಸ್ ಕಚೇರಿಯ ಗೋಡೆ ಮೇಲಿರುತ್ತದೆ. ಆ 30 ದಿನದಲ್ಲೇ ಎಷ್ಟೋ ಮನೆಗಳಿಗೆ ಸುದ್ದಿ ಮುಟ್ಟುತ್ತದೆ. ನನ್ನ ಹತ್ತಿರ ಬರುವ ಹುಡುಗಿಯರು ಹೆಚ್ಚಾಗಿ ಕೇಳುವುದು ಆ ಗೋಡೆಯ ಬಗ್ಗೆಯೇ.

ಇದನ್ನು ಯಾಕೆ ಹೇಳಿದೆ ಅಂದರೆ, ಪರದೇಶದಲ್ಲಿರುವ ಅಪ್ಪ ಅಮ್ಮಂದಿರು "ಊರಿನಲ್ಲಿ ಹೀಗೆಲ್ಲ ಇಲ್ಲ" ಅಂದುಕೊಂಡಿದ್ದಾರೆ. ಚಿತ್ರದುರ್ಗದ ಕೋರ್ಟ್ ಕಾರಿಡಾರಿಗೆ ಒಂದು ದಿನ ಬಂದು ನೋಡಲಿ.

ದಾವಣಗೆರೆ ಚಿಕ್ಕಮ್ಮ · ಜನವರಿ 17

ವಕೀಲೆಯವರ ಕೊನೆಯ ಮಾತು ನಿಜ. ಅಕ್ಕ ವಿಮಾನ ಹತ್ತಿದಾಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಜಿಲ್ಲೆ ಆಗಿದ್ದು 1997ರ ಆಗಸ್ಟ್‌ನಲ್ಲಿ. ಅವಳ ತಲೆಯಲ್ಲಿ ಆ ಊರೇ ನಿಂತುಬಿಟ್ಟಿದೆ. ಪಿ.ಜೆ. ಬಡಾವಣೆಯಲ್ಲಿ ಹುಡುಗಿಯರು ಗುಂಪು ಕಟ್ಟಿಕೊಂಡೇ ನಡೆಯುತ್ತಿದ್ದ ಊರು. ಹುಡುಗನ ಜೊತೆ ಮಾತಾಡಿದರೆ ಸಂಜೆಯೊಳಗೆ ಅಪ್ಪನ ಅಂಗಡಿಗೆ ಸುದ್ದಿ ಹೋಗುತ್ತಿದ್ದ ಊರು. ಈಗ ಗಾಜಿನ ಮನೆ ಹತ್ತಿರ, ಕುಂದವಾಡ ಕೆರೆ ಏರಿ ಮೇಲೆ ಸಂಜೆ ಹೋಗಿ ನೋಡಿ. ಜೋಡಿಗಳು ಕೂತಿರುತ್ತವೆ. ನನ್ನ ಹಳೆಯ ವಿದ್ಯಾರ್ಥಿನಿಯರೇ ಬೆಣ್ಣೆ ದೋಸೆ ಹೋಟೆಲಿನಲ್ಲಿ ಸಿಕ್ಕಿ "ಮಿಸ್, ಇವರು ನನ್ನ ಫ್ರೆಂಡ್" ಅಂತ ಪರಿಚಯ ಮಾಡಿಸುತ್ತಾರೆ. ಇಲ್ಲಿ ಎಲ್ಲ ಸರಿಹೋಗಿದೆ ಅಂತಲ್ಲ. ಆದರೆ ಇಲ್ಲಿನ ಊರು ನಡೆದಿದೆ. ಅಕ್ಕ ಮಗಳಿಗೆ ಕಲಿಸಿದ ದಾವಣಗೆರೆ ಇಲ್ಲಿ ಈಗ ಇಲ್ಲ.

ಹುಡುಗಿ ಇದನ್ನೇ ಕೇಳಿದಳು. "ಚಿಕ್ಕಮ್ಮ, ಅಮ್ಮ ನಮ್ಮ ಸಂಸ್ಕೃತಿ ಅಂತಾರೆ. ಇಲ್ಲಿ ನೋಡಿದರೆ ಹುಡುಗಿಯರು ನನಗಿಂತ ಆರಾಮಾಗಿದ್ದಾರಲ್ಲ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿವೃತ್ತ ಮೇಷ್ಟ್ರು, ಹೊಳಲ್ಕೆರೆ · ಜನವರಿ 18

ತಾಯಿ, ನಾನು ಕನ್ನಡ ಮೇಷ್ಟ್ರು. ನನಗೆ ಹೊಳೆದ ಒಂದು ಮಾತು ಹೇಳುತ್ತೇನೆ. ಆ ಮಗು ಇದನ್ನು ಅಮ್ಮನಿಗೆ ಯಾವ ಭಾಷೆಯಲ್ಲಿ ಹೇಳಬೇಕು?

ಡೇಟಿಂಗ್ ಅನ್ನುವುದಕ್ಕೆ ನಮ್ಮಲ್ಲಿ ಒಳ್ಳೆಯ ಮಾತಿಲ್ಲ. "ಓಡಾಡ್ತಾಳೆ" ಅಂದರೆ ಬೈಗುಳ. "ಲವ್ ಮಾಡ್ತಾಳೆ" ಅಂದರೆ ಪಂಚಾಯ್ತಿಗೆ ಬಂದ ಕೇಸು. "ಸಂಬಂಧ" ಅಂದರೆ ಒಂದೋ ಮದುವೆ, ಇಲ್ಲ ಅನೈತಿಕ. ಇಬ್ಬರು ಮರ್ಯಾದೆಯಿಂದ ಒಬ್ಬರನ್ನೊಬ್ಬರು ಅರಿಯುವ ಹೊತ್ತಿಗೆ ನಾವು ಹೆಸರೇ ಇಟ್ಟಿಲ್ಲ. ಆ ಮಗುವಿಗೆ ಬರುವುದು ಅಡುಗೆಮನೆಯ ಕನ್ನಡ. ಹಸಿವು, ಊಟ, ನಿದ್ದೆ, ಬೇಗ ಬಾ. ಇಂಗ್ಲಿಷಿನಲ್ಲಿ ಹೇಳಿದರೆ ತಾಯಿಗೆ ಅದು ಆ ದೇಶದ ಮಾತಾಗಿ ಕೇಳುತ್ತದೆ.

ಅಡುಗೆಮನೆಯ ಕನ್ನಡದಲ್ಲೇ ಹೇಳಲಿ. "ಇಷ್ಟ" ಅನ್ನುವ ಪದ ಇದೆ. "ನೋಡು" ಅನ್ನುವ ಪದ ಇದೆ. ಹೆಣ್ಣು ನೋಡುವುದು, ಗಂಡು ನೋಡುವುದು ನಮ್ಮದೇ ಮಾತು. "ಅಮ್ಮ, ನನಗೆ ಒಬ್ಬ ಹುಡುಗ ಇಷ್ಟ. ನೀನು ಅವನನ್ನ ನೋಡಬೇಕು." ಇಷ್ಟು ಸಾಕು. ನೋಡಬೇಕು ಅಂದರೆ ಹಿರಿತನ ತಾಯಿಯದು.

ಹೂಸ್ಟನ್ ಅಮ್ಮ · ಜನವರಿ 18

ಮೇಷ್ಟ್ರೇ, ನನ್ನ ಮಗಳು ಈ ಎರಡು ಮಾತು ಹೇಳಿದರೆ ನಾನು ಅಳುತ್ತೇನೆ, ಆದರೆ ಕಾರಿನ ಕೀ ಹುಡುಕುತ್ತೇನೆ.

ವಿದ್ಯಾನಗರದ ಗೃಹಿಣಿ · ಜನವರಿ 19

ನಾನು ಮೊದಲು ಬರೆದದ್ದು ಸ್ವಲ್ಪ ಗಟ್ಟಿಯಾಯಿತು. ಸುಳ್ಳು ಈಗಲೂ ನನಗೆ ಒಪ್ಪಿಗೆ ಇಲ್ಲ. ಆದರೆ ಆ ಫೋಟೋ ಮಾತ್ರ ಕಳಿಸಬೇಡಿ. ಹುಡುಗಿಗೆ ಗೊತ್ತಿಲ್ಲದೆ ಹತ್ತು ಮನೆಗೆ ಹೋಗುತ್ತದೆ. ಅದೂ ಸುಳ್ಳೇ ಅಲ್ವಾ?

ದಾವಣಗೆರೆ ಚಿಕ್ಕಮ್ಮ · ಫೆಬ್ರವರಿ 16

ಎಲ್ಲರಿಗೂ ಹೇಳಬೇಕು. ತಡವಾಯಿತು, ಕ್ಷಮಿಸಿ.

ಮೇಷ್ಟ್ರ ಎರಡು ವಾಕ್ಯವನ್ನು ಹುಡುಗಿಗೆ ಧ್ವನಿ ಮಾಡಿ ಕಳಿಸಿದ್ದೆ. ಅದನ್ನು ಕೇಳಿ ಕೇಳಿ ಅಭ್ಯಾಸ ಮಾಡಿದಳು. "ನೋಡಬೇಕು" ಅನ್ನುವಲ್ಲಿ "ಳ" ಬರುತ್ತಾ "ಡ" ಬರುತ್ತಾ ಅಂತ ಎರಡು ಸಲ ಕೇಳಿದಳು. ಅಕ್ಕನಿಗೆ ಫೋಟೋ ಕಳಿಸಲಿಲ್ಲ. "ಮಗಳನ್ನ ಕೇಳಿ ಕಳಿಸ್ತೀನಿ" ಅಂದೆ. ಅಕ್ಕನಿಗೆ ಆಗಲೇ ಏನೋ ಹೊಳೆದಿರಬೇಕು. ಸ್ವಲ್ಪ ಸುಮ್ಮನಿದ್ದು ಫೋನ್ ಇಟ್ಟಳು.

ಮೂರು ವಾರದ ಹಿಂದೆ ಮಗಳು ಮನೆಗೆ ಹೋದಳು. ಭಾವ ಊರಲ್ಲಿರಲಿಲ್ಲ. ಅಕ್ಕ ಚಪಾತಿ ಲಟ್ಟಿಸುತ್ತಿದ್ದಳಂತೆ. ಇವಳು ಪಕ್ಕದಲ್ಲಿ ಬೇಯಿಸುತ್ತಾ ನಿಂತು ಹೇಳಿದಳಂತೆ, ಅದೇ ಎರಡು ಮಾತು. ಅಕ್ಕ ಲಟ್ಟಣಿಗೆ ನಿಲ್ಲಿಸಲಿಲ್ಲ. ಚಪಾತಿ ತೆಳ್ಳಗಾಗಿ, ಹರಿದು, ಮಣೆಗೆ ಅಂಟಿಕೊಂಡರೂ ಲಟ್ಟಿಸುತ್ತಲೇ ಇದ್ದಳಂತೆ. ಆಮೇಲೆ ಎಲ್ಲ ಕೇಳಿದಳು. ಯಾರು, ಯಾವ ದೇಶ, ಎಷ್ಟು ದಿನದಿಂದ. ರಾತ್ರಿ ಊಟ ಮಾಡಲಿಲ್ಲ.

ಭಾನುವಾರ 8 ಗಂಟೆಗೆ ಫೋನ್ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. 28 ವರ್ಷದಲ್ಲಿ ಎರಡು ವಾರ ಒಟ್ಟಿಗೆ ತಪ್ಪಿದ್ದು ಇದೇ ಮೊದಲು. ಅವ್ವ "ಯಾಕೆ, ಜಗಳ ಮಾಡಿಕೊಂಡ್ರಾ?" ಅಂತ ಕೇಳಿದಳು. ಇಲ್ಲ ಅಂದೆ.

ಇವತ್ತು ಬೆಳಿಗ್ಗೆ ಬಂತು. ಮೊದಲ ಮಾತು, "ನಿನಗೆ ಯಾವಾಗಿಂದ ಗೊತ್ತಿತ್ತು?" ಡಿಸೆಂಬರಿನಿಂದ ಅಂದೆ. ಸುಳ್ಳು ಹೇಳಲಿಲ್ಲ. ಬೈದಳು. ಬೈಸಿಕೊಂಡೆ. ಗಯಾನಾ ಬಗ್ಗೆ ಏನೂ ಕೇಳಲಿಲ್ಲ. ಜಾತಿಯನ್ನೂ ಕೇಳಲಿಲ್ಲ. "ಅವಳ ಅಪ್ಪನಿಗೆ ಯುಗಾದಿ ಆದ ಮೇಲೆ ಹೇಳೋಣ, ಈಗ ಬೇಡ" ಅಂದಳು. ಒಪ್ಪಿದಳು ಅಂತ ಇದರ ಅರ್ಥವಲ್ಲ. "ನನಗೆ ಒಪ್ಪಿಗೆ ಇಲ್ಲ" ಅಂತ ಮೂರು ಸಲ ಹೇಳಿದಳು.

ಆಮೇಲೆ ಜ್ವರದ ವಿಷಯಕ್ಕೆ ಬಂದಳು. ಮಗಳು ಅದನ್ನೂ ಹೇಳಿದ್ದಾಳೆ. "ಐದು ದಿನ ಕಣೇ. ಒಂದೂವರೆ ಗಂಟೆ ದಾರಿ. ನಾನು ಇಲ್ಲೇ ಇದ್ದೆ. ಅವಳಿಗೆ ಜ್ವರ ಬಂದರೆ ಅಂಗಾಲಿಗೆ ಎಣ್ಣೆ ಹಚ್ಚಬೇಕು, ಇಲ್ಲಾಂದ್ರೆ ಮಲಗಲ್ಲ. ಅದು ಆ ಹುಡುಗನಿಗೆ ಏನು ಗೊತ್ತು?" ಅಂತ ಅತ್ತಳು. ನಾನೂ ಅತ್ತೆ.

ಇಡುವ ಮುಂಚೆ ಕೇಳಿದಳು, "ಗಂಜಿ ಮಾಡಿ ಕಳಿಸಿದ ಹೆಂಗಸಿನ ನಂಬರ್ ನಿನ್ನ ಹತ್ತಿರ ಇದೆಯಾ? ಒಂದು ಮಾತು ಹೇಳಬೇಕು ಅವರಿಗೆ." ಹುಡುಗಿಯಿಂದ ತೆಗೆದುಕೊಂಡು ಕಳಿಸಿದ್ದೇನೆ. ನೋಡಿದ್ದಾಳೆ ಅಂತ ತೋರಿಸುತ್ತಿದೆ. ಫೋನ್ ಮಾಡಿದಳೋ ಇಲ್ಲವೋ ಇನ್ನೂ ಗೊತ್ತಿಲ್ಲ.